ಯಾರನ್ನು ಕೇಳಿ ತಿರುಗುತ್ತದೆ ಗಾಳಿಚಕ್ರ?

ಕಲ್ಲುಗುಂಡಿ ಪೇಟೆಯಲ್ಲಿ ನಿಂತು ಎತ್ತ ಕತ್ತೆತ್ತಿದರೂ ಒಂದು ವಿಂಡ್‌ಮಿಲ್ ಕಾಣದು. ಸುಳ್ಯ, ಅರಂತೋಡು ದಾಟಿದ ಮಾಣಿ–ಮೈಸೂರು ಹೆದ್ದಾರಿ ಸಂಪಾಜೆ ಘಾಟಿ ಹತ್ತುವ ಮೊದಲು ಸಿಗುವ ಊರು ಇದು. ಪಕ್ಕದಲ್ಲಿ ಪಯಸ್ವಿನಿ, ಸುತ್ತ ಗುಡ್ಡ, ಗುಡ್ಡದ ಬುಡದಲ್ಲಿ ಅಡಿಕೆ ತೋಟ, ಮೇಲೆ ರಬ್ಬರ್, ಅದರಾಚೆ ಕಾಡು. ಮಳೆಗಾಲದಲ್ಲಿ ಇಲ್ಲಿ ಗಾಳಿ ಕಡಿಮೆಯೇನಲ್ಲ. ಅಡಿಕೆ ಮರ ನಡು ಮುರಿದು ಬೀಳುವಷ್ಟು, ಮೆಸ್ಕಾಂ ಕಂಬ ಅಡ್ಡ ಮಲಗುವಷ್ಟು ಬೀಸುತ್ತದೆ. ಆದರೆ ವಿದ್ಯುತ್ ಕಂಪನಿಗಳು ಹುಡುಕುವ ಗಾಳಿ ಬೇರೆ.

ಅವರಿಗೆ ಬೇಕಾದ್ದು ಒಂದೇ ದಿಕ್ಕಿನಿಂದ, ಒಂದೇ ಹದದಲ್ಲಿ, ಗಂಟೆಗಟ್ಟಲೆ ಬೀಸುವ ಗಾಳಿ. ಮುಂಗಾರು ಮಾರುತ ಅರಬ್ಬಿ ಸಮುದ್ರದಿಂದ ಬಂದು ಘಟ್ಟಕ್ಕೆ ಬಡಿದು ಮೇಲೇರುವಾಗ ಬುಡದ ಕಣಿವೆಗಳಲ್ಲಿ ಸುಳಿಸುಳಿಯಾಗಿ ಒಡೆಯುತ್ತದೆ. ಘಟ್ಟದ ನೆತ್ತಿ ದಾಟಿ ಪೂರ್ವದ ಬಯಲಿಗಿಳಿದ ಮೇಲೆ ಮರದ ತಡೆಯಿಲ್ಲ, ಗುಡ್ಡದ ತಡೆಯೂ ಕಡಿಮೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ. ಹಾಗಾಗಿ ವೇಗದಲ್ಲಿ ಸ್ವಲ್ಪವೇ ವ್ಯತ್ಯಾಸ ಇದ್ದರೂ ಒಂದು ಊರು ಲಾಭದ ಊರಾಗುತ್ತದೆ, ಇನ್ನೊಂದು ಲೆಕ್ಕಕ್ಕೇ ಬರುವುದಿಲ್ಲ. ಚಿತ್ರದುರ್ಗ, ಗದಗ, ಕೊಪ್ಪಳ, ವಿಜಯಪುರಗಳ ದಿಗಂತದಲ್ಲಿ ಬಿಳಿ ರೆಕ್ಕೆಗಳು ಸಾಲುಗಟ್ಟಿರುವುದು ಈ ಲೆಕ್ಕದಿಂದ. 2024–25ರ ಒಂದೇ ಆರ್ಥಿಕ ವರ್ಷದಲ್ಲಿ ಕರ್ನಾಟಕ 1,331 ಮೆಗಾವಾಟ್ ಪವನ ವಿದ್ಯುತ್ ಸಾಮರ್ಥ್ಯವನ್ನು ಹೊಸದಾಗಿ ಸೇರಿಸಿತು. ತಮಿಳುನಾಡು, ಗುಜರಾತ್‌ಗಳನ್ನು ಹಿಂದೆ ಹಾಕಿ ಆ ವರ್ಷದ ಮಟ್ಟಿಗೆ ದೇಶಕ್ಕೇ ಮೊದಲಾಯಿತು.

ಹಾಗಾದರೆ ಪುತ್ತೂರು, ಸುಳ್ಯ, ಕಡಬದ ಜನರಿಗೂ ಗಾಳಿ ಕರೆಂಟಿನ ಜಗಳಕ್ಕೂ ಏನು ಸಂಬಂಧ? ಈ ಮೂರು ತಾಲೂಕುಗಳು ಅದೇ ಜಗಳವನ್ನು ಗಾಳಿಯ ಬದಲು ನೀರಿನ ಹೆಸರಿನಲ್ಲಿ ಆಡಿ ಮುಗಿಸಿವೆ. ಮುಗಿಸಿವೆ ಎನ್ನುವುದೂ ಪೂರ್ತಿ ಸರಿಯಲ್ಲ, ಇನ್ನೂ ಆಡುತ್ತಿವೆ.

ಹಿನ್ನೆಲೆ ಇನ್ನೂ ಹಳೆಯದು. ಪುತ್ತೂರಿನ ಬಾಲವನದಲ್ಲಿ ಬದುಕಿದ್ದ ಶಿವರಾಮ ಕಾರಂತರು ಕೈಗಾ ಅಣುಸ್ಥಾವರದ ವಿರುದ್ಧ ಬರೆದರು, ಭಾಷಣ ಮಾಡಿದರು, ಸಾಲದೆಂದು 1989ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡದಿಂದ ನಿಂತು ಸೋತರು. ತೊಂಬತ್ತರ ದಶಕದಲ್ಲಿ ಕರಾವಳಿಯ ಸಿಟ್ಟು ನಂದಿಕೂರಿನ ಕೊಜೆಂಟ್ರಿಕ್ಸ್ ಉಷ್ಣ ಸ್ಥಾವರದ ಮೇಲೆ ತಿರುಗಿತು. ಆ ಅಮೆರಿಕನ್ ಕಂಪನಿ 1999ರ ಕೊನೆಯಲ್ಲಿ ಕೈತೊಳೆದುಕೊಂಡು ಹೋಯಿತು. ಆದರೆ ಅದೇ ಜಾಗದ ಸುತ್ತ ಮುಂದೆ ಇನ್ನೊಂದು ಕಲ್ಲಿದ್ದಲು ಸ್ಥಾವರ ಎದ್ದು ನಿಂತೇಬಿಟ್ಟಿತು. ಆ ಕಾಲದ ಸಭೆಗಳಲ್ಲಿ ಅಣು, ಕಲ್ಲಿದ್ದಲು ಬೇಡ ಎಂದವರನ್ನು ‘ಮತ್ತೆ ಕರೆಂಟು ಎಲ್ಲಿಂದ ತರುವುದು?’ ಎಂದು ಕೇಳಿದರೆ ಉತ್ತರ ಸಿದ್ಧವಾಗಿತ್ತು: ಸೂರ್ಯನಿದ್ದಾನೆ, ಗಾಳಿಯಿದೆ, ಸಣ್ಣ ಹೊಳೆಗಳಿವೆ.

ಸರಿ, ಅವೂ ಬಂದವು. ವಿರೋಧ ಮಾತ್ರ ನಿಲ್ಲಲಿಲ್ಲ.

ಮೊದಲು ಬಂದದ್ದು ಸಣ್ಣ ಹೊಳೆಯ ಸರದಿ. 2010ರ ಆಸುಪಾಸಿನಲ್ಲಿ ಕುಮಾರಧಾರೆಗೆ ಅಡ್ಡಲಾಗಿ ‘ಕುಕ್ಕೆ ಹಂತ–1’ ಎಂಬ ಖಾಸಗಿ ಕಿರು ಜಲವಿದ್ಯುತ್ ಯೋಜನೆಯ ಸುದ್ದಿ ಸುಬ್ರಹ್ಮಣ್ಯದ ಕೆಳಗಿನ ಊರುಗಳಲ್ಲಿ ಹರಡಿತು. ಸಾಮರ್ಥ್ಯ 24 ಮೆಗಾವಾಟ್. ಕೇಳಲು ಸಣ್ಣದು. ಕೈಗಾದ ಒಂದು ಘಟಕವೇ 220 ಮೆಗಾವಾಟ್. ಅದರ ಮುಂದೆ 24 ಎಂದರೆ ಯಾವ ಲೆಕ್ಕ? ಆದರೆ ಹೊಳೆಯ ಬದಿಯ ಕೃಷಿಕರಿಗೆ ಎಷ್ಟು ಮೆಗಾವಾಟ್ ಎನ್ನುವುದು ಮುಖ್ಯವಾಗಿರಲಿಲ್ಲ. ನೀರು ಎಲ್ಲಿಯವರೆಗೆ ನಿಲ್ಲುತ್ತದೆ, ಯಾರ ತೋಟದ ಬುಡಕ್ಕೆ ಬರುತ್ತದೆ, ಎಷ್ಟು ಕಾಡು ಮುಳುಗುತ್ತದೆ ಎಂಬುದು ಅವರ ಪ್ರಶ್ನೆ. ಅಡಿಕೆಗೆ ನೀರು ಬೇಕು, ಆದರೆ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಹೊಳೆ ಬದಿಯ ತೋಟ ಪೂರ್ತಿ ಮುಳುಗದೆ ಬರೇ ತೇವ ಏರಿದರೂ ಸಾಕು, ಫಸಲು ಹೋಯಿತು. ಅಂಥ ನಷ್ಟಕ್ಕೆ ಪರಿಹಾರದ ಪಟ್ಟಿಯಲ್ಲಿ ಸಾಲು ಇರುವುದಿಲ್ಲ.

ಇನ್ನೊಂದು ತೊಡಕು ದಕ್ಷಿಣ ಕನ್ನಡಕ್ಕೇ ವಿಶೇಷವಾದದ್ದು. ಇಲ್ಲಿನ ಕೃಷಿಕ ತನ್ನ ವರ್ಗ ಜಾಗದ ಪಕ್ಕದ ಸರಕಾರಿ ಗುಡ್ಡೆಯನ್ನು ಕುಮ್ಕಿ ಎಂದು ತಲೆಮಾರುಗಳಿಂದ ಬಳಸುತ್ತಾ ಬಂದಿದ್ದಾನೆ. ತೋಟಕ್ಕೆ ಸೊಪ್ಪು ಬರುವುದು ಅಲ್ಲಿಂದ, ಸೌದೆ ಬರುವುದು ಅಲ್ಲಿಂದ, ದನ ಮೇಯುವುದೂ ಅಲ್ಲೇ. ದಾಖಲೆಯಲ್ಲಿ ಮಾತ್ರ ಅದು ಸರಕಾರದ್ದು. ಯೋಜನೆಯೊಂದು ಬಂದಾಗ ಸರ್ವೆಯವನ ನಕ್ಷೆಗೂ ಮನೆಯವರ ನಕ್ಷೆಗೂ ತಾಳೆಯಾಗದಿರುವುದು ಇಂಥಲ್ಲೇ.

ಆ 24 ಎಂಬ ಸಂಖ್ಯೆಯ ಹಿಂದೊಂದು ಲೆಕ್ಕಾಚಾರ ಇದೆ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪ್ರಕಾರ 25 ಮೆಗಾವಾಟ್‌ಗಿಂತ ಕಡಿಮೆಯ ಜಲವಿದ್ಯುತ್ ಯೋಜನೆಗೆ ಪರಿಸರ ಅನುಮತಿ ಬೇಡ. ಅನುಮತಿ ಬೇಡ ಎಂದ ಮೇಲೆ ಅಧ್ಯಯನ ಬೇಡ, ಅಧ್ಯಯನ ಬೇಡ ಎಂದ ಮೇಲೆ ಸಾರ್ವಜನಿಕ ಅಹವಾಲು ಸಭೆಯೂ ಬೇಡ. ಘಟ್ಟದ ಹೊಳೆಗಳಲ್ಲಿ 24, 24.5 ಮೆಗಾವಾಟ್‌ನ ಯೋಜನೆಗಳು ಅಣಬೆಯಂತೆ ಎದ್ದದ್ದಕ್ಕೆ ಪ್ರಕೃತಿ ಕಾರಣವಲ್ಲ. ಸಕಲೇಶಪುರದ ಕಾಡಿನಲ್ಲಿ ಹೊಂಗಡಹಳ್ಳ ಮತ್ತು ಎತ್ತಿನಹೊಳೆಯ ಹೆಸರಿನಲ್ಲಿ ಬಂದ ಎರಡು ಯೋಜನೆಗಳು ನಿಜದಲ್ಲಿ ಒಂದೇ, ಗೆರೆಯ ಕೆಳಗೆ ಉಳಿಯಲು ಎರಡಾಗಿ ಕತ್ತರಿಸಿ ತೋರಿಸಿದ್ದು ಎಂಬ ಆರೋಪ ಹೈಕೋರ್ಟಿನ ಮೆಟ್ಟಿಲೇರಿತು. 2011ರಲ್ಲಿ ಹೈಕೋರ್ಟ್ ಪಶ್ಚಿಮಘಟ್ಟದ ಕಾಡಿನಲ್ಲಿ ಹೊಸ ಕಿರು ಜಲವಿದ್ಯುತ್ ಯೋಜನೆಗಳಿಗೆ ತಡೆ ಹಾಕಿತು. ಇತ್ತ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಷ್ ಚಂದ್ರನ್ ಅವರ ತಂಡ ಕುಮಾರಧಾರೆಯ ಕಣಿವೆಯನ್ನು ಸುತ್ತಿ, ಇಲ್ಲಿನ ಕಾಡು, ಮೀನು, ಕಪ್ಪೆಗಳ ಪಟ್ಟಿ ಮಾಡಿ, ಈ ಹೊಳೆಯನ್ನು ಹರಿಯಲು ಬಿಡುವುದೇ ಲೇಸು ಎಂಬರ್ಥದ ವರದಿ ಕೊಟ್ಟಿತು.

ಕಡಬದ ಗುಂಡ್ಯದ್ದು ದೊಡ್ಡ ಕತೆ. ಶಿರಾಡಿಯ ಬುಡದ ಈ ಕಣಿವೆಯಲ್ಲಿ ಕರ್ನಾಟಕ ವಿದ್ಯುತ್ ನಿಗಮ 200 ಮೆಗಾವಾಟ್‌ನ ಯೋಜನೆ ಹಾಕಿತ್ತು. ಹಾಸನ ಜಿಲ್ಲೆಯ ಮೇಲ್ಭಾಗದಲ್ಲಿ ಹೊಳೆಗಳನ್ನು ಕಟ್ಟಿ, ಸುರಂಗದಲ್ಲಿ ಇಳಿಸಿ, ಕೆಳಗೆ ವಿದ್ಯುತ್ ತೆಗೆಯುವ ಲೆಕ್ಕ. ಸಿಂಗಳೀಕಗಳಿರುವ ಕಾಡು ಇದು. ಇದೇ ಊರಿನ ಹೆಸರು ಹೊತ್ತ ಕಪ್ಪೆಯೊಂದಿದೆ: ‘ಇಂಡಿರಾನಾ ಗುಂಡಿಯಾ’. ಫ್ರಾನ್ಸಿನ ಅಲೈನ್ ದುಬ್ವಾ 1986ರಲ್ಲಿ ಜಗತ್ತಿಗೆ ಪರಿಚಯಿಸಿದ ಈ ಪುಟ್ಟ ಜೀವಿ ಅಳಿವಿನಂಚಿನ ಪಟ್ಟಿಯಲ್ಲಿದೆ. ಮಾಧವ ಗಾಡ್ಗೀಳ್ ನೇತೃತ್ವದ ಪಶ್ಚಿಮಘಟ್ಟ ಪರಿಸರ ತಜ್ಞರ ಸಮಿತಿ ಇಲ್ಲಿಗೆ ಬಂದು ನೋಡಿ, 2011ರ ತನ್ನ ವರದಿಯಲ್ಲಿ ಗುಂಡ್ಯ ಯೋಜನೆಗೆ ಅನುಮತಿ ಕೊಡಬಾರದೆಂದು ಬರೆಯಿತು. ಯೋಜನೆ ಹಿಂದೆ ಸರಿಯಿತು. ಆದರೆ ಅದೇ ಕಣಿವೆಯ ಎತ್ತಿನಹೊಳೆಯ ನೀರನ್ನು ಈಗ ಭಾರೀ ಪಂಪುಗಳಿಟ್ಟು ಪೂರ್ವಕ್ಕೆ ಎತ್ತಲಾಗುತ್ತಿದೆ. ಮೊದಲ ಹಂತದ ಉದ್ಘಾಟನೆ 2024ರ ಸೆಪ್ಟೆಂಬರ್‌ನಲ್ಲಿ ಆಯಿತು. ಕೆಳಗೆ ಬಿಟ್ಟು ವಿದ್ಯುತ್ ತೆಗೆಯಬೇಕೆಂದಿದ್ದ ನೀರನ್ನು ವಿದ್ಯುತ್ ಕೊಟ್ಟು ಮೇಲೆತ್ತುವ ಯೋಜನೆ. ಇಂಧನ ನೀತಿಯಲ್ಲಿ ಹಾಸ್ಯಕ್ಕೂ ಜಾಗ ಇದೆ.

ಇಷ್ಟೆಲ್ಲ ನೀರಿನ ಮಾತು ಗಾಳಿಯ ಲೇಖನದಲ್ಲಿ ಯಾಕೆಂದರೆ, ಕಾನೂನು ಇವೆರಡನ್ನೂ ಒಂದೇ ಸಾಲಿನಲ್ಲಿ ಕೂರಿಸಿದೆ. 2006ರ ಅದೇ ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ ಇಲ್ಲವೇ ಇಲ್ಲ. 2016ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಉದ್ಯಮಗಳನ್ನು ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸಿ, ಹೊಸದಾಗಿ ‘ಬಿಳಿ’ ಪಟ್ಟಿಯನ್ನೂ ಸೇರಿಸಿತು. ಮಾಲಿನ್ಯ ಇಲ್ಲದಷ್ಟು ಕಡಿಮೆ ಎಂಬ ಆ ಬಿಳಿ ಪಟ್ಟಿಯಲ್ಲಿ ಗಾಳಿ, ಸೌರ ಮತ್ತು 25 ಮೆಗಾವಾಟ್‌ನೊಳಗಿನ ಜಲವಿದ್ಯುತ್ ಒಟ್ಟಿಗೆ ಕುಳಿತಿವೆ. ಹೊಗೆ ಬರುವುದಿಲ್ಲ, ಬೂದಿ ಇಲ್ಲ, ಆದ್ದರಿಂದ ಬಿಳಿ. ಹೊಗೆಯ ಲೆಕ್ಕದಲ್ಲಿ ಇದು ನೂರಕ್ಕೆ ನೂರು ನಿಜ. ಜಾಗದ ಲೆಕ್ಕ, ದಾರಿಯ ಲೆಕ್ಕ, ಮೇವಿನ ಲೆಕ್ಕ ಆ ಪಟ್ಟಿಗೆ ಬಂದಿಲ್ಲ. ಅರಣ್ಯ ಭೂಮಿಯಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಅನುಮತಿ ಬೇಕೇ ಬೇಕು ಎನ್ನುವುದು ಸರಿ. ಅರಣ್ಯವೆಂದು ದಾಖಲಾಗದ ಗುಡ್ಡಕ್ಕೆ ಅದೂ ಇಲ್ಲ.

ಅಂಥ ಗುಡ್ಡವೊಂದರ ಕತೆ ತುಮಕೂರಿನ ಗಡಿಯಾಚೆ, ಆಂಧ್ರದ ಅನಂತಪುರ ಸೀಮೆಯಲ್ಲಿ ನಡೆಯಿತು. ಟಿಂಬಕ್ಟು ಕಲೆಕ್ಟಿವ್ ಎಂಬ ಸಂಸ್ಥೆಯ ಜೊತೆ ಹಳ್ಳಿಗರು ಸೇರಿ, ಬೋಳು ಗುಡ್ಡಗಳ ಸಾವಿರಾರು ಎಕರೆಯನ್ನು ಎರಡು ದಶಕ ಕಾದು ಕಾಡಾಗಿಸಿದ್ದರು. ಹೆಸರು ಕಲ್ಪವಲ್ಲಿ. ಈಚಲು, ಹುಲ್ಲು, ಕುರಿಮೇವು, ಕೆರೆಗೆ ನೀರು ಎಲ್ಲವೂ ಅಲ್ಲಿಂದ. ಕಂದಾಯ ದಾಖಲೆಯಲ್ಲಿ ಮಾತ್ರ ಅದು ಬಂಜರು. ಕಳೆದ ದಶಕದ ಆರಂಭದಲ್ಲಿ ಸುಮಾರು 50 ಮೆಗಾವಾಟ್‌ನ ಗಾಳಿ ಯೋಜನೆ ಬಂತು. ಉದ್ದನೆಯ ರೆಕ್ಕೆ ಹೊತ್ತ ಟ್ರೇಲರ್ ತಿರುಗಬೇಕಾದರೆ ಅಗಲ ರಸ್ತೆ ಬೇಕು, ಗುಡ್ಡದ ನೆತ್ತಿಯಲ್ಲಿ ಕ್ರೇನ್ ನಿಲ್ಲಬೇಕಾದರೆ ಸಮತಟ್ಟು ಜಾಗ ಬೇಕು. ಗುಡ್ಡ ಕಡಿದರು, ಮಣ್ಣು ಇಳಿಜಾರಿಗೆ ಸುರಿಯಿತು, ಝರಿಗಳು ಹೂತವು. ಹಳ್ಳಿಗರು ಹಸಿರು ನ್ಯಾಯಮಂಡಳಿಗೆ ಹೋದರು. ಗಾಳಿಯಂತ್ರ ನಿಂತ ಜಾಗವನ್ನಷ್ಟೇ ಅಳೆದರೆ ಅದು ಅಂಗಳದಷ್ಟು ಸಣ್ಣದು. ಅದನ್ನು ಅಲ್ಲಿಗೆ ಒಯ್ಯುವ ದಾರಿಯದ್ದೇ ದೊಡ್ಡ ಗಾಯ. ಕಲ್ಲುಗುಂಡಿಯ ಸುತ್ತಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುಡ್ಡ ಕಡಿದರೆ ಬರೆ ಜರಿಯುತ್ತದೆ ಎನ್ನುವುದು ಇಲ್ಲಿ ಮಕ್ಕಳಿಗೂ ಗೊತ್ತು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮೊಣ್ಣಂಗೇರಿಯ ಗುಡ್ಡಗಳು ಜರಿದಾಗ ಮನೆ ಕಳಕೊಂಡವರು ಇಳಿದು ಬಂದದ್ದು ಕಲ್ಲುಗುಂಡಿ, ಸಂಪಾಜೆ, ಅರಂತೋಡಿನ ಪರಿಹಾರ ಕೇಂದ್ರಗಳಿಗೆ. 2022ರ ಜೂನ್ ಕೊನೆಯಲ್ಲಿ ನೆಲ ನಡುಗಿತು; ಆಗಸ್ಟ್ ಮೊದಲ ವಾರ ಪಯಸ್ವಿನಿ ಪೇಟೆಗೇ ನುಗ್ಗಿತು. ಮೇಲಿನ ಕೊಯನಾಡಿನಲ್ಲಿ ಕಿಂಡಿ ಅಣೆಕಟ್ಟಿಗೆ ಮರದ ದಿಮ್ಮಿಗಳು ಸಿಕ್ಕಿಹಾಕಿಕೊಂಡು ಹೊಳೆ ದಾರಿ ಬದಲಿಸಿತ್ತು.

ಗಾಳಿಯಂತ್ರದ ಪರಿಣಾಮ ಹಕ್ಕಿಗಳ ಮೇಲೆ ಎಂಬ ಮಾತು ಆಗಾಗ ಕೇಳುತ್ತದೆ. ಇದರ ಬಗ್ಗೆ ನಮ್ಮದೇ ಒಂದು ಒಳ್ಳೆಯ ಅಧ್ಯಯನ ಇದೆ. ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದ ಸಾತಾರಾ ಬಳಿಯ ಚಾಳಕೇವಾಡಿಯ ಎತ್ತರದ ಬಯಲಿನಲ್ಲಿ ಕೆಲಸ ಮಾಡಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಯಂತ್ರಗಳಿರುವ ಕಡೆ ಬೇಟೆಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆ. ಹದ್ದು, ಗಿಡುಗ ಇಲ್ಲದ ಮೇಲೆ ಬಣ್ಣದ ಗಂಟಲಿನ ಓತಿಗಳ ಸಂಖ್ಯೆ ಏರಿತು, ಅವುಗಳ ಭಯ ಕಡಿಮೆಯಾಯಿತು, ಮೈಯ ಗಟ್ಟಿತನವೂ ಬಣ್ಣವೂ ಬದಲಾದವು. ಗಾಳಿಯಂತ್ರ ಅಲ್ಲಿ ಹೊಸ ಬೇಟೆಗಾರನ ಪಾತ್ರ ವಹಿಸುತ್ತಿದೆ ಎಂಬುದು ಅವರ ತೀರ್ಮಾನ. ಇದನ್ನು ಓದಿ ಗಾಳಿ ವಿದ್ಯುತ್ತೇ ಬೇಡ ಎನ್ನುವುದು ದುಡುಕು. ಕಲ್ಲಿದ್ದಲ ಗಣಿ ಒಂದು ಓತಿಯನ್ನೂ ಉಳಿಸುವುದಿಲ್ಲ. ಆದರೆ ಯಾವ ಬಯಲು, ಯಾವ ನೆತ್ತಿ ಎಂದು ಮೊದಲೇ ನೋಡುವ ಕೆಲಸಕ್ಕೆ ಈ ಅಧ್ಯಯನವೇ ಸಾಕಷ್ಟು ಕಾರಣ ಕೊಡುತ್ತದೆ. ಗಾಡ್ಗೀಳ್ ವರದಿಯನ್ನು ಮರುಪರಿಶೀಲಿಸಿದ ಕಸ್ತೂರಿರಂಗನ್ ಸಮಿತಿ ಕೂಡ 2013ರಲ್ಲಿ ಪವನ ವಿದ್ಯುತ್ತನ್ನು ಪರಿಸರ ಮೌಲ್ಯಮಾಪನದ ವ್ಯಾಪ್ತಿಗೆ ತರಬೇಕೆಂದಿತು. ಅದಿನ್ನೂ ಆಗಿಲ್ಲ.

ಗದಗದಲ್ಲಿ ಚಿತ್ರ ಮತ್ತೂ ಗೋಜಲು. ಕಪ್ಪತಗುಡ್ಡದಲ್ಲಿ ಗಣಿಗಾರಿಕೆ ಬೇಡವೆಂದು ಮಠಾಧೀಶರು, ರೈತರು, ಊರವರು ವರ್ಷಗಟ್ಟಲೆ ಹೋರಾಡಿದರು. 2017ರಲ್ಲಿ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರೇ ಧರಣಿಯಲ್ಲಿ ಮುಂದೆ ನಿಂತರು. 2019ರಲ್ಲಿ ಗುಡ್ಡ ವನ್ಯಜೀವಿ ಧಾಮವಾಯಿತು. ಆ ಗುಡ್ಡದ ಸಾಲಿನಲ್ಲೇ ಗಾಳಿಯಂತ್ರಗಳು ಅದಕ್ಕೆ ಮೊದಲೇ ತಿರುಗುತ್ತಿದ್ದವು. ಗಣಿಯ ವಿರುದ್ಧ ಎದ್ದ ಧ್ವನಿ ಗಾಳಿಯಂತ್ರದ ವಿರುದ್ಧ ಅಷ್ಟು ಜೋರಾಗಿ ಏಳಲಿಲ್ಲ. ಬಯಲಿನ ರೈತರಲ್ಲಿ ಅನೇಕರಿಗೆ ಯಂತ್ರ ನಿಲ್ಲುವ ತುಂಡು ಜಾಗಕ್ಕೆ ಬಂದ ದುಡ್ಡು ಮಳೆ ನಂಬಿದ ಬೆಳೆಗಿಂತ ಗಟ್ಟಿ. ವಿರೋಧ ಬರುವುದು ಪಕ್ಕದ ಹೊಲದವನಿಂದ. ಅವನ ಹೊಲಕ್ಕೆ ದುಡ್ಡು ಬರುವುದಿಲ್ಲ, ರಾತ್ರಿಯಿಡೀ ಸದ್ದು ಮಾತ್ರ ಬರುತ್ತದೆ.

ಈ ಮಾತು ದೂರದ ದೇಶಗಳಲ್ಲೂ ಹೀಗೆಯೇ. ಡೆನ್ಮಾರ್ಕ್ 2009ರಿಂದ ಒಂದು ಕಾನೂನು ನಡೆಸಿ ನೋಡಿತು: ಗಾಳಿಯಂತ್ರ ನಿಲ್ಲಿಸುವ ಕಂಪನಿ ತನ್ನ ಪಾಲಿನಲ್ಲಿ ಕನಿಷ್ಠ ಶೇಕಡಾ 20ನ್ನು ನಾಲ್ಕೂವರೆ ಕಿಲೋಮೀಟರ್ ದೂರದೊಳಗಿನ ನಿವಾಸಿಗಳಿಗೆ ಮೊದಲು ಮಾರಾಟಕ್ಕಿಡಬೇಕು. ಸದ್ದು ಕೇಳುವವನಿಗೇ ಲಾಭದ ಪಾಲೂ ಸಿಗಲಿ ಎಂಬ ವಿಚಾರ. ನಾರ್ವೆ ಇದಕ್ಕೆ ತದ್ವಿರುದ್ಧ ಉದಾಹರಣೆ. ಫೋಸೆನ್ ಪ್ರದೇಶದಲ್ಲಿ ಸಾಮಿ ಜನಾಂಗದವರು ಹಿಮಸಾರಂಗ ಮೇಯಿಸುವ ನೆಲದಲ್ಲಿ 151 ಗಾಳಿಯಂತ್ರ ನಿಲ್ಲಿಸಿದ್ದರು. 2021ರ ಅಕ್ಟೋಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇದು ಆ ಜನರ ಹಕ್ಕಿನ ಉಲ್ಲಂಘನೆ ಎಂದು ತೀರ್ಪಿತ್ತಿತು. ಯಂತ್ರಗಳು ತಿರುಗುತ್ತಲೇ ಇದ್ದವು. 2023ರ ಫೆಬ್ರವರಿಯಲ್ಲಿ ಓಸ್ಲೋದ ಸಚಿವಾಲಯದ ಬಾಗಿಲಲ್ಲಿ ಧರಣಿ ಕೂತ ಯುವಕರ ಜೊತೆ ಗ್ರೇಟಾ ಥನ್‌ಬರ್ಗ್ ಕೂಡ ಇದ್ದರು. ಹವಾಮಾನ ಉಳಿಸಿ ಎಂದು ಜಗತ್ತು ಸುತ್ತಿದ ಹುಡುಗಿ ಗಾಳಿಯಂತ್ರದ ವಿರುದ್ಧ ಕೂತಳೇ ಎಂದು ಹುಬ್ಬೇರಿಸಿದವರು ಬಹಳ. ಪವನ ವಿದ್ಯುತ್ ವಿರೋಧ ಎಂದೊಡನೆ ‘ಅಭಿವೃದ್ಧಿ ವಿರೋಧಿ’ ಎಂಬ ಹಣೆಪಟ್ಟಿ ಹಚ್ಚುವವರು ಈ ಪ್ರಕರಣವನ್ನು ಒಮ್ಮೆ ಓದಬೇಕು.

ಹಾಗೆಂದು ವಿರೋಧಿಸುವವರ ಮಾತೆಲ್ಲ ತೂಕದ್ದೇ ಎಂದೂ ಅಲ್ಲ. ಸುಳ್ಯದ ಸ್ವಂತ ಅನುಭವ ಸಾಕು. ಈ ತಾಲೂಕಿನಲ್ಲಿ ಕರೆಂಟಿನ ಕತೆ ದಶಕಗಳ ಗೋಳು. 2016ರ ಫೆಬ್ರವರಿಯಲ್ಲಿ ಬೆಳ್ಳಾರೆಯಿಂದ ಆಗಿನ ಇಂಧನ ಸಚಿವ ಡಿ.ಕೆ. ಶಿವಕುಮಾರ್ ಅವರಿಗೆ ವಿದ್ಯುತ್ ಕಡಿತದ ಬಗ್ಗೆ ಹೋದ ಒಂದು ಫೋನ್ ಕರೆ ಮಾತಿಗೆ ಮಾತು ಬೆಳೆದು ಪೊಲೀಸ್ ಕೇಸಾಯಿತು. ಸಚಿವರಾಗಿದ್ದವರೇ ಮುಂದೆ ಸುಳ್ಯದ ನ್ಯಾಯಾಲಯಕ್ಕೆ ಬಂದು ಸಾಕ್ಷಿ ಹೇಳಬೇಕಾಯಿತು. ಕರೆಂಟಿಲ್ಲ ಎಂಬ ಸಿಟ್ಟು ಅಷ್ಟಿತ್ತು. ಅದಕ್ಕೆ ಪರಿಹಾರವೆಂದು ಪುತ್ತೂರು ತಾಲೂಕಿನ ಮಾಡಾವಿನಲ್ಲಿ 110 ಕೆವಿ ಸಬ್‌ಸ್ಟೇಷನ್, ಅಲ್ಲಿಂದ ಸುಳ್ಯಕ್ಕೆ ಲೈನು ಎಂದು ಯೋಜನೆ ಮಾಡಿದರೆ, ಅದೂ ಕಾಡು, ತೋಟ, ಕೋರ್ಟು ಎಂದು ವರ್ಷಗಟ್ಟಲೆ ಸುತ್ತಿತು. ವೋಲ್ಟೇಜ್ ಬೇಕು, ಆದರೆ ಲೈನು ಪಕ್ಕದವರ ತೋಟದಲ್ಲಿ ಹೋಗಲಿ ಎಂಬ ನಿಲುವನ್ನು ಪರಿಸರ ಪ್ರೇಮ ಎನ್ನಲಾಗದು.

ಆದರೆ ಲೈನಿಗೆ ತಡೆ ಒಡ್ಡುವ ಅಡಿಕೆ ಬೆಳೆಗಾರನ ಕಷ್ಟವೂ ಸುಳ್ಳಲ್ಲ. ಗದ್ದೆಯ ಮೇಲೆ ತಂತಿ ಹೋದರೆ ಬೆಳೆ ನಿಲ್ಲುವುದಿಲ್ಲ. ಅಡಿಕೆ, ತೆಂಗು, ರಬ್ಬರ್ ತಂತಿಯ ಕೆಳಗೆ ಬೆಳೆಯುವಂತಿಲ್ಲ; ಇಡೀ ಓಣಿಯಷ್ಟು ಅಗಲದ ತೋಟ ಶಾಶ್ವತವಾಗಿ ಬೋಳು. ಉಡುಪಿ–ಕಾಸರಗೋಡು 400 ಕೆವಿ ಲೈನಿಗೆ ವಿಟ್ಲ, ಬಂಟ್ವಾಳದ ಕಡೆ ಕೃಷಿಕರು ಎದ್ದು ನಿಂತದ್ದು ಇದಕ್ಕೆ. ಇಲ್ಲಿಯೂ ಕಾನೂನು ಕೇಳುವ ಪದ್ಧತಿ ಇಟ್ಟುಕೊಂಡಿಲ್ಲ. ಟವರ್ ನಿಲ್ಲಿಸಲು ಭೂಮಿಯನ್ನು ಸ್ವಾಧೀನ ಮಾಡಿಕೊಳ್ಳಬೇಕಿಲ್ಲ. ವಿದ್ಯುತ್ ಕಾಯ್ದೆ 2003ರ ಮೂಲಕ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಸಿಗುತ್ತದೆ. ಬ್ರಿಟಿಷರು ತಂತಿ ಕಂಬ ನೆಡಲು ಮಾಡಿದ ಕಾನೂನಿನಲ್ಲಿ ಇಂದು 400 ಕೆವಿ ಗೋಪುರಗಳು ಏಳುತ್ತಿವೆ.

ಈ ಲೈನುಗಳ ಮಾತು ಮುಂದೆ ಇನ್ನೂ ಹೆಚ್ಚಾಗುವುದೇ ಸರಿ. 2030ಕ್ಕೆ 500 ಗಿಗಾವಾಟ್ ಪಳೆಯುಳಿಕೆಯೇತರ ಸಾಮರ್ಥ್ಯ ಎಂಬ ಗುರಿಯನ್ನು ದೇಶ ಹಾಕಿಕೊಂಡಿದೆ. ಗಾಳಿ ಬೀಸುವುದು ಬಯಲಿನಲ್ಲಿ, ಅದೂ ಹೆಚ್ಚಾಗಿ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ. ಬಿಸಿಲಿನ ಕರೆಂಟು ಸಂಜೆ ಆರು ಗಂಟೆಗೆ ಬಾಗಿಲು ಹಾಕುತ್ತದೆ. ಹೆಚ್ಚಾದದ್ದನ್ನು ಕೂಡಿಡಬೇಕು. ಸರಕಾರ ಕಂಡುಕೊಂಡ ಉಪಾಯ ಪಂಪ್ಡ್ ಸ್ಟೋರೇಜ್: ಕರೆಂಟು ಹೆಚ್ಚಿದ್ದಾಗ ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಎತ್ತುವುದು, ಕೊರತೆಯ ಹೊತ್ತಿಗೆ ಬಿಟ್ಟು ವಿದ್ಯುತ್ ತೆಗೆಯುವುದು. ಎತ್ತಲು ಕೊಟ್ಟ ಕರೆಂಟಿನಷ್ಟೂ ಮರಳಿ ಬಾರದು, ಒಂದು ಪಾಲು ನಷ್ಟ. ಆದರೂ ಇಷ್ಟು ದೊಡ್ಡ ಪ್ರಮಾಣದಲ್ಲಿ ಕೂಡಿಡಲು ಬೇರೆ ಹಳೆಯ, ಪಳಗಿದ ವಿಧಾನವಿಲ್ಲ. ಎತ್ತರವೂ ನೀರೂ ಇರುವ ಜಾಗ ಯಾವುದು? ಮತ್ತೆ ಘಟ್ಟವೇ. ಶರಾವತಿಯ ತಳಕಳಲೆ ಮತ್ತು ಗೇರುಸೊಪ್ಪೆಯ ನಡುವೆ 2,000 ಮೆಗಾವಾಟ್‌ನ ಯೋಜನೆ ಸಿಂಗಳೀಕ ಅಭಯಾರಣ್ಯದ ಒಡಲಲ್ಲೇ ಬರುತ್ತಿದೆ. ಚಿತ್ರದುರ್ಗದ ಗಾಳಿಯನ್ನೂ ಪಾವಗಡದ ಬಿಸಿಲನ್ನೂ ಕೂಡಿಡುವ ಕಣಜ ಶಿವಮೊಗ್ಗ–ಉತ್ತರ ಕನ್ನಡದ ಕಾಡಿನಲ್ಲಿ! 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ನಡೆದ ಅಹವಾಲು ಸಭೆಗಳಲ್ಲಿ ವಿರೋಧ ಗಟ್ಟಿಯಾಗಿಯೇ ಕೇಳಿತು. ಅಲ್ಲಿ ಸಭೆಯಾದರೂ ನಡೆಯಿತು, ಯೋಜನೆ ದೊಡ್ಡದಾದ್ದರಿಂದ.

ಸುಳ್ಯ, ಕಡಬದ ಜನರ ನಿಲುವಿನಲ್ಲಿ ಹೊರಗಿನವರಿಗೆ ಅರ್ಥವಾಗದ ಒಂದು ಗಂಟಿದೆ. ಹೊಳೆಗೆ ಅಣೆಕಟ್ಟು ಬೇಡ ಎಂದು ಗಾಡ್ಗೀಳ್ ಸಮಿತಿಯ ಜೊತೆ ದನಿಗೂಡಿಸಿದ ಇದೇ ಊರುಗಳು, ಘಟ್ಟದ ಹಳ್ಳಿಗಳನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಘೋಷಿಸುವ ಕರಡು ಬಂದಾಗಲೆಲ್ಲ ಬೀದಿಗಿಳಿದಿವೆ. 2024ರ ಜುಲೈ 31ರಂದು ಕೇಂದ್ರ ಆರನೆಯ ಸಲ ಕರಡು ಹೊರಡಿಸಿತು, ರಾಜ್ಯ ಸಂಪುಟ ಅದನ್ನು ಮತ್ತೆ ತಿರಸ್ಕರಿಸಿತು. ಕಾಡು ಉಳಿಸಿ ಎಂದವರೇ ಕಾಡು ಉಳಿಸುವ ಕಾನೂನು ಬೇಡ ಎನ್ನುವುದು ಎಡಬಿಡಂಗಿತನ ಎಂದು ಬೆಂಗಳೂರಿನಲ್ಲಿ ಕೂತು ಹೇಳುವುದು ಸುಲಭ. ಮನೆ ಕಟ್ಟಬಹುದೇ, ಅಡಿಕೆಗೆ ಬೋರ್ಡೋ ದ್ರಾವಣ ಬಿಡಬಹುದೇ ಎಂಬ ಅನುಮಾನಗಳಿಗೆ ಊರಿನಲ್ಲಿ ಕೂತು ಕನ್ನಡದಲ್ಲಿ ಉತ್ತರಿಸಿದವರು ಕಡಿಮೆ. ವದಂತಿ ಹಬ್ಬಿಸಿದವರು ಬೇಕಷ್ಟು. ಗಾಡ್ಗೀಳರ ವರದಿ ಸ್ವತಃ ಗ್ರಾಮಸಭೆಗಳ ಒಪ್ಪಿಗೆಯಿಂದಲೇ ಗಡಿ ನಿರ್ಧಾರವಾಗಲಿ ಎಂದಿತ್ತು. ಉಳಿದದ್ದೆಲ್ಲ ಮೇಜಿನ ಮೇಲೆ ಬಂತು, ಆ ಒಂದು ಸಲಹೆ ಬಿಟ್ಟು. ಅಣೆಕಟ್ಟಿನ ನಕ್ಷೆಯೂ ಕಾಡಿನ ನಕ್ಷೆಯೂ ಒಂದೇ ದಾರಿಯಲ್ಲಿ, ಮೇಲಿನಿಂದ, ಬಂದರೆ ಎರಡನ್ನೂ ಒಂದೇ ಅನುಮಾನದಿಂದ ನೋಡುವುದು ಸಹಜ.

ಕೇಳಿ ಮಾಡಿದ್ದಕ್ಕೆ ರಾಜ್ಯದಲ್ಲೇ ಅರ್ಧ ಉದಾಹರಣೆ ಇದೆ. ಪಾವಗಡದ ಸೌರ ಪಾರ್ಕು 2,050 ಮೆಗಾವಾಟ್, ಹರಡಿರುವುದು ಸುಮಾರು 13,000 ಎಕರೆಯಲ್ಲಿ. ಆ ಜಮೀನನ್ನು ಸರಕಾರ ರೈತರಿಂದ ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು: ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಕೆ. ಬರದ ಸೀಮೆಯ ತಿರುಮಣಿ, ವಳ್ಳೂರಿನಂಥ ಹಳ್ಳಿಗಳ ಜಮೀನುದಾರರಿಗೆ ಇದು ಒಪ್ಪಿತವಾಯಿತು. ಜಮೀನು ಅವರ ಹೆಸರಿನಲ್ಲೇ ಉಳಿಯಿತು. ಅರ್ಧ ಉದಾಹರಣೆ ಎಂದದ್ದು ಕೂಲಿಕಾರರ ಕಾರಣಕ್ಕೆ. ಎಕರೆ ಇಲ್ಲದವನಿಗೆ ಗುತ್ತಿಗೆಯೂ ಇಲ್ಲ, ಹೊಲ ಮುಚ್ಚಿದ ಮೇಲೆ ಕೂಲಿಯೂ ಇಲ್ಲ, ಕುರಿಗೆ ಬೀಡೂ ಇಲ್ಲ. ಅವರನ್ನು ಯಾರೂ ಕೇಳಿರಲಿಲ್ಲ.

ಘಟ್ಟದ ಬುಡದಲ್ಲಿ ಇನ್ನೊಂದು ಬಗೆಯ ನವೀಕರಿಸಬಹುದಾದ ಕರೆಂಟು ಸದ್ದಿಲ್ಲದೆ ನಡೆದುಬಂದಿದೆ. ಗುಡ್ಡದ ಮೇಲಿನ ಅರ್ಬಿಯಿಂದ ಪೈಪಿನಲ್ಲಿ ನೀರಿಳಿಸಿ ತೋಟಕ್ಕೆ ಬಿಡುವುದು ಇಲ್ಲಿ ಹಳೆಯ ರೂಢಿ. ಅದೇ ಪೈಪಿನ ಬಾಯಿಗೆ ಸಣ್ಣ ನಳಿಕೆ ಕೂರಿಸಿ, ರಭಸದ ನೀರನ್ನು ಬಟ್ಟಲಿನಂಥ ಎಲೆಗಳ ಚಕ್ರಕ್ಕೆ ಹಾಯಿಸಿದರೆ ಚಕ್ರ ತಿರುಗುತ್ತದೆ, ಅದಕ್ಕೆ ಕಟ್ಟಿದ ಆಲ್ಟರ್ನೇಟರ್ ಮನೆಗೆ ಬೆಳಕು ಕೊಡುತ್ತದೆ. ಲೆಕ್ಕ ಕಷ್ಟವಿಲ್ಲ: ಸೆಕೆಂಡಿಗೆ 5 ಲೀಟರ್ ನೀರು 40 ಮೀಟರ್ ಎತ್ತರದಿಂದ ಇಳಿದರೆ ನಷ್ಟವೆಲ್ಲ ಕಳೆದು ಸುಮಾರು 1 ಕಿಲೋವಾಟ್. ಬಲ್ಬು, ಟೀವಿ, ಮಿಕ್ಸಿಗೆ ಧಾರಾಳ. ಲೈನು ಎಳೆಯಲು ಕಂಬಕ್ಕೆ ಕಂಬ ಕಾಡು ದಾಟಬೇಕಾದ ಒಂಟಿ ಮನೆಗಳು ಮಲೆನಾಡಿನುದ್ದಕ್ಕೂ, ಸುಳ್ಯ, ಕೊಡಗಿನ ಅಂಚಿನಲ್ಲೂ ಹೀಗೆ ಬೆಳಗಿವೆ. ಸರಕಾರದ ಸಹಾಯಧನವೂ ಕೆಲವಕ್ಕೆ ಸಿಕ್ಕಿದೆ. ಅಣೆಕಟ್ಟಿಲ್ಲ, ಮುಳುಗಡೆ ಇಲ್ಲ, ಚಕ್ರ ತಿರುಗಿಸಿದ ನೀರು ಕೆಳಗಿನ ತೋಡಿಗೇ ಸೇರುತ್ತದೆ. ಮೇಲಿನವರು ಪೈಪು ಹಾಕುವ ಮೊದಲು ಕೆಳಗಿನ ಮನೆಯವರ ಜೊತೆ ಮಾತಾಡಿಕೊಳ್ಳಲೇಬೇಕು. ಇಲ್ಲದಿದ್ದರೆ ಮರುದಿನವೇ ತಕರಾರು.

ಇದನ್ನೇ ದೊಡ್ಡದು ಮಾಡಿ ರಾಜ್ಯವನ್ನು ಬೆಳಗಿಸಬಹುದು ಎನ್ನುವುದು ಕನಸಿನ ಮಾತು. ಅರ್ಬಿಯ ನೀರು ಜನವರಿ ಹೊತ್ತಿಗೆ ಬೆರಳ ಗಾತ್ರಕ್ಕಿಳಿಯುತ್ತದೆ, ಚಕ್ರ ನಿಲ್ಲುತ್ತದೆ. ಸುಳ್ಯಕ್ಕೆ ಕರೆಂಟು ಹೆಚ್ಚು ಬೇಕಾಗುವುದು ಆಗಲೇ. ಫೆಬ್ರವರಿಯಿಂದ ಮೇವರೆಗೆ ಪ್ರತಿ ತೋಟದಲ್ಲೂ ಬೋರ್‌ವೆಲ್ಲಿನ ಪಂಪು, ಹೊಳೆಬದಿಯ ಪಂಪು ಒಟ್ಟಿಗೆ ಓಡುತ್ತವೆ. 10 ಎಚ್‌ಪಿವರೆಗಿನ ಕೃಷಿ ಪಂಪಿಗೆ ಕರೆಂಟು ಪುಕ್ಕಟೆ, ವೋಲ್ಟೇಜ್ ಮಾತ್ರ ಪಾತಾಳಕ್ಕೆ. ಮೇ ಬರುವವರೆಗೆ ಗಾಳಿಯೂ ಬಯಲಿನಲ್ಲಿ ಮಂದ. ಹಗಲು ಪಾವಗಡದ ಬಿಸಿಲು, ರಾತ್ರಿ ರಾಯಚೂರಿನ ಕಲ್ಲಿದ್ದಲು, ಕೈಗಾದ ಅಣು, ಶರಾವತಿಯ ನೀರು ಎಲ್ಲ ಬೆರೆತು ಮಾಡಾವಿನ ಸಬ್‌ಸ್ಟೇಷನ್ ದಾಟಿ ಕಲ್ಲುಗುಂಡಿಯ ತೋಟದ ಪಂಪಿಗೆ ಬರುತ್ತದೆ. ಕಾರಂತರು ಬೇಡವೆಂದ ಸ್ಥಾವರದ ಕರೆಂಟೂ ಅದರಲ್ಲಿ ಇದೆ.